ಮೀಟರ್ ಬಾಕ್ಸಿನ ಹಿಂದಿನ ಕೀ

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ಬೆಲ್ ಆಯ್ತು. ಬಾಗಿಲು ತೆಗೆದರೆ ನಲವತ್ತರ ಆಚೀಚಿನ ಒಬ್ಬರು ನಿಂತಿದ್ದರು. ಜೊತೆಗೆ ಹೆಂಡತಿ, ಹತ್ತು ಹನ್ನೆರಡು ವರ್ಷದ ಮಗಳು. ಮಗಳ ಮುಖದಲ್ಲಿ 'ನಾನು ಕಾರಲ್ಲೇ ಕೂತಿರ್ತೀನಿ ಅಂದಿದ್ದೆನಲ್ಲ' ಅನ್ನೋ ಸಿಟ್ಟು ಎದ್ದು ಕಾಣುತ್ತಿತ್ತು. ಅವರು ನಮಸ್ಕಾರ ಮಾಡಿ, "ಸರ್, ತೊಂದರೆ ಕೊಡ್ತಿದ್ದೀನಿ. ಕಾಲೇಜು ಓದುವಾಗ ನಿಮ್ಮ ಮೇಲಿನ ರೂಮಲ್ಲಿದ್ದೆ. ಒಂದ್ಸಲ ನೋಡಿಕೊಂಡು ಹೋಗಬಹುದಾ?" ಅಂದರು. ನಮ್ಮ ಬಾಡಿಗೆ ಹುಡುಗರ ಮುಖ ನನಗೆ ಮರೆಯೋದಿಲ್ಲ, ಕೊನೇಪಕ್ಷ ಹಾಗಂತ ನಾನು ಜಂಬ ಕೊಚ್ಚಿಕೊಳ್ಳುತ್ತೇನೆ. ಈ ಮುಖ ಮಾತ್ರ ಎಷ್ಟು ಕೆದಕಿದರೂ ಸಿಗಲಿಲ್ಲ. ಕೇಳಿದರೆ 2001ರಿಂದ 2004ರವರೆಗೆ ಇದ್ದರಂತೆ. ನಾವು ಈ ಮನೆ ಕೊಂಡಿದ್ದು 2006ರಲ್ಲಿ. ಹಳೇ ಓನರ್ ಕಾಲದವರು ಅಂತಾಯ್ತು.

ಮೇಲೆ ಆಗ ಇಬ್ಬರು ಹುಡುಗರಿದ್ದರು. ಒಬ್ಬ ಊರಿಗೆ ಹೋಗಿದ್ದ. ಇನ್ನೊಬ್ಬ ಮಧ್ಯಾಹ್ನ ಎರಡೂವರೆಗೆ ಆಗತಾನೇ ಎದ್ದು, ಕಣ್ಣುಜ್ಜಿಕೊಳ್ಳುತ್ತಾ ಬಾಗಿಲು ತೆಗೆದ. ನಾನು ಇವರನ್ನು ಪರಿಚಯ ಮಾಡಿಕೊಡಬೇಕು ಅಂತ ಬಾಯಿ ತೆಗೆಯುವಷ್ಟರಲ್ಲಿ ಅದರ ಅಗತ್ಯವೇ ಬೀಳಲಿಲ್ಲ. "ಈ ಕಿಟಕಿ ಈಗಲೂ ಮಳೆಗಾಲದಲ್ಲಿ ಹಾಕ್ಕೊಳಲ್ವಾ?" ಅಂತ ಇವರು. "ಮೇಲಕ್ಕೆತ್ತಿ ಒದೀಬೇಕು ಅಣ್ಣ" ಅಂತ ಅವನು. ಐದು ನಿಮಿಷದಲ್ಲಿ ಇಬ್ಬರೂ ನಗುತ್ತಿದ್ದರು. ಯಾವ ಮೂಲೆಯಲ್ಲಿ ಕೂತರೆ ಮೊಬೈಲ್ ಸಿಗ್ನಲ್ ಬರುತ್ತೆ ಅನ್ನೋದರಿಂದ ಹಿಡಿದು ಹಿಂದಿನ ಗೋಡೆ ಹಾರಿದರೆ ಕಾಲೇಜಿಗೆ ಎಷ್ಟು ನಿಮಿಷ ಉಳಿಯುತ್ತೆ ಅನ್ನೋವರೆಗೆ ಮಾತು ಹೋಯ್ತು. ಆ ಗೋಡೆ ನನ್ನದು. ಅದನ್ನು ಹಾರುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಇಪ್ಪತ್ತು ವರ್ಷದ ಅಂತರದ ಇಬ್ಬರು ಅಪರಿಚಿತರು ಒಂದೇ ರೂಮಿನ ಬಗ್ಗೆ ಅಣ್ಣತಮ್ಮಂದಿರ ಹಾಗೆ ಹರಟುತ್ತಿದ್ದರು. ಮನೆಯ ಯಜಮಾನನಾದ ನಾನು ಚಪ್ಪಲಿ ಬಿಡೋ ಜಾಗದಲ್ಲಿ ನಿಂತು ನೋಡುತ್ತಿದ್ದೆ.

ಇಳಿದು ಬರುವಾಗ ಆತ ಮೆಟ್ಟಿಲ ಕೆಳಗೆ ತಟ್ಟನೆ ನಿಂತರು. ಅಲ್ಲಿ ಕರೆಂಟಿನ ಮೀಟರ್ ಬಾಕ್ಸ್ ಇದೆ. ಅದರ ಹಿಂದೆ, ಗೋಡೆಗೂ ಹಲಗೆಗೂ ನಡುವೆ, ಎರಡು ಬೆರಳು ಹೋಗುವಷ್ಟು ಸಂದಿ. ಅವರು ನೋಡಲೂ ಇಲ್ಲ, ನೇರವಾಗಿ ಬೆರಳು ತೂರಿಸಿದರು. ಕೈ ಆಚೆ ಬಂದಾಗ ಬೆರಳ ತುದಿಯಲ್ಲಿ ಒಂದು ಕೀ ಇತ್ತು. ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿದ್ದ ಕೀ. ಅದರ ತೂತಿಗೆ ಕಟ್ಟಿದ್ದ ದಾರ ಮುಟ್ಟಿದ ಕೂಡಲೇ ಪುಡಿಯಾಯ್ತು. "ಇನ್ನೂ ಇದೆ ನೋಡಿ ಸರ್!" ಅಂತ ಅವರು ಹೆಂಡತಿ ಕಡೆ ತಿರುಗಿ ಕುಣಿದಾಡುವುದೊಂದು ಬಾಕಿ. ಮೇಲೆ ರೇಲಿಂಗ್ ಹಿಡಿದು ನೋಡುತ್ತಿದ್ದ ನಮ್ಮ ಹುಡುಗ ಯಾಕೋ ಥಟ್ಟನೆ ಒಳಗೆ ಹೋದ.

ಹದಿನೆಂಟು ವರ್ಷ ಆ ಮೀಟರಿನ ಮುಂದೆ ನಿಂತು ರೀಡಿಂಗ್ ನೋಡಿದ್ದೇನೆ. ಹಿಂದಕ್ಕೆ ಕೈ ಹಾಕಿದವನಲ್ಲ. ಕೀ ತಗೊಂಡು ಹೋಗಿ, ನೆನಪಿಗಿರಲಿ ಅಂದೆ. "ಬೇಡ ಸರ್, ಅಲ್ಲೇ ಇರಲಿ" ಅಂತ ವಾಪಸ್ ಅದೇ ಸಂದಿಗೆ ತಳ್ಳಿದರು. ಕಾರು ಹತ್ತುವ ಮೊದಲು ಕೇಳಿದರು: "ನೀವು ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?" ಹೇಳಿದೆ. "ಓ, ಹಾಗಾದ್ರೆ ನಮ್ಮ ಊರನ್ನ ನೀವು ನೋಡಿಲ್ಲ ಬಿಡಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೂ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಇವತ್ತಿನವರೆಗೂ ಚುಚ್ಚುತ್ತಿದೆ. ಮೂರು ವರ್ಷ ಇದ್ದವರಿಗೆ ಇದು 'ನಮ್ಮ ಊರು'. ಹದಿನೆಂಟು ವರ್ಷದಿಂದ ತೆರಿಗೆ ಕಟ್ಟುತ್ತಿರುವ ನಾನು ಈಚೆಗೆ ಬಂದವನು!

ಜನವರಿಯಲ್ಲಿ ಶುರುವಾಗದ ವರ್ಷ

ಕಾಲೇಜು ಊರಲ್ಲಿ ಸ್ವಲ್ಪ ವರ್ಷ ಇದ್ದರೆ ಸಾಕು, ಕ್ಯಾಲೆಂಡರ್ ತಲೆಕೆಳಗಾಗುತ್ತೆ. ನಾವು ಕಾಲೇಜಿಗೆ ಸಂಬಂಧವೇ ಇಲ್ಲದ ಜನ. ನಾನು ಕೆಲಸ ಮಾಡೋದು ಬೇರೆ ಕಡೆ, ಹೆಂಡತಿಯದ್ದೂ ಅಷ್ಟೇ. ಆದರೂ ನಮ್ಮ ಮನೆಯಲ್ಲಿ ಯಾರೂ ಇಸವಿ ಹೇಳೋದಿಲ್ಲ. ಮಾವ ತೀರಿಕೊಂಡಿದ್ದು 'ಆ ಉದ್ದ ಕೂದಲಿನವನಿದ್ದ ವರ್ಷ'. ಬಾತ್‌ರೂಮ್ ಟೈಲ್ಸ್ ಹಾಕಿಸಿದ್ದು 'ಗಿಟಾರ್ ಹುಡುಗರು ಹೋದಮೇಲೆ'. ಹೆಂಡತಿ ಹೀಗೆ ಲೆಕ್ಕ ಹಾಕುವಾಗ ಒಂದು ವರ್ಷವೂ ಆಚೀಚೆ ಆಗೋದಿಲ್ಲ, ನಾನು ರಸೀದಿ ತೆಗೆದು ನೋಡಿದ್ದೇನೆ.

ಪರೀಕ್ಷೆ ಹತ್ತಿರ ಬಂತು ಅಂತ ನಮಗೆ ಬೀದಿಯೇ ಹೇಳುತ್ತೆ. ಮಧ್ಯರಾತ್ರಿ ದಾಟಿದರೂ ಎಲ್ಲ ಮಹಡಿಗಳಲ್ಲೂ ಲೈಟು, ಆದರೆ ಸದ್ದೇ ಇಲ್ಲ. ಉಳಿದ ದಿನಗಳಲ್ಲಿ ಹನ್ನೊಂದು ಗಂಟೆಗೆ ಲೈಟು ಆರಿರುತ್ತೆ, ಸದ್ದು ಮಾತ್ರ ಒಂದು ಗಂಟೆವರೆಗೂ ಇರುತ್ತೆ. ಕತ್ತಲಲ್ಲಿ ಅಷ್ಟು ಜೋರಾಗಿ ಏನು ಮಾಡ್ತಾರೋ ಅದು ಇನ್ನೂ ನನಗೆ ಬಗೆಹರಿದಿಲ್ಲ.

ಆಮೇಲೆ ಬರೋದು ಹಾಸಿಗೆಗಳ ಸೀಸನ್. ಕೊನೇ ಪರೀಕ್ಷೆ ಮುಗಿದ ಎರಡು ಮೂರು ದಿನ ನಮ್ಮ ಬೀದಿ ನೋಡಬೇಕು. ಗೇಟುಗಳ ಪಕ್ಕ ಮಡಚಿಟ್ಟ ಹಾಸಿಗೆ, ಹಿಡಿ ಮುರಿದ ಬಕೆಟ್, ಒಂದು ರೆಕ್ಕೆ ಇಲ್ಲದ ಟೇಬಲ್ ಫ್ಯಾನ್, ದಾರದಲ್ಲಿ ಕಟ್ಟಿದ ನೋಟ್ಸುಗಳ ಕಟ್ಟು, ಯಾರೋ ಗೆದ್ದ ಪ್ಲಾಸ್ಟಿಕ್ ಟ್ರೋಫಿ. ನಾಲ್ಕು ವರ್ಷ ಬದುಕಿದ್ದೆಲ್ಲ ಎರಡು ಸೂಟ್‌ಕೇಸಿಗೆ ಹಿಡಿಸಲಿಲ್ಲ ಅಂತ ಉಳಿದಿದ್ದು. ಒಳ್ಳೆಯ ಸಾಮಾನು ಮಾತ್ರ ಬೀದಿಗೆ ಬರೋದಿಲ್ಲ. ಅದು ಜೂನಿಯರ್‌ಗಳಿಗೆ ಕೈ ಬದಲಾಗಿರುತ್ತೆ. ಸೈಕಲ್, ಕುರ್ಚಿ, ಎಕ್ಸ್‌ಟೆನ್ಶನ್ ಬೋರ್ಡು, ಎಲ್ಲಕ್ಕೂ ಐದಾರು ಯಜಮಾನರಾಗಿರುತ್ತಾರೆ.

ಈ ಬರಹ ಬರೆಯುತ್ತಿರೋ ಟೇಬಲ್ ಕೂಡ ಹಾಗೆ ಬೀದಿಗೆ ಬಿದ್ದಿದ್ದೇ. ಒಂದು ಕಾಲು ಅಲ್ಲಾಡುತ್ತಿತ್ತು ಅಂತ ಬಿಟ್ಟುಹೋಗಿದ್ದರು. ನಾನು ಒಳಗೆ ತಂದು, ಮೊಳೆ ಹೊಡೆಯೋಣ ಅಂತ ತಲೆಕೆಳಗು ಮಾಡಿದೆ. ಅಡಿಭಾಗದ ಹಲಗೆ ತುಂಬ ಬರಹ. ಸ್ಕೆಚ್ ಪೆನ್ನಲ್ಲಿ, ಬಾಲ್ ಪೆನ್ನಲ್ಲಿ, ಒಂದು ಕಡೆ ಕಂಪಾಸಿನ ಮುಳ್ಳಲ್ಲಿ ಕೆತ್ತಿದ್ದು. ಇನಿಷಿಯಲ್ಲು, ಪಕ್ಕದಲ್ಲಿ ಇಸವಿ: 1998, 2002, 2005, 2009, 2013. ಕೊನೆಯವನು ತನ್ನ ಇನಿಷಿಯಲ್ ಕೆಳಗೆ 'ಕಾಲು ಅಲ್ಲಾಡುತ್ತೆ, ಮುಂದಿನವರು ಸರಿ ಮಾಡಿಸಿ' ಅಂತ ಬರೆದಿದ್ದ. ನಾನು ಮೊಳೆ ಹೊಡೆದೆ. ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಬರೆಯಲು ಯಾಕೋ ಧೈರ್ಯ ಬರಲಿಲ್ಲ. ಅದು ನನ್ನ ಪಟ್ಟಿ ಅಲ್ಲ ಅನ್ನಿಸಿತು.

ಹಾಗೆ ನೋಡಿದರೆ ನಾವು ಮನೆ ಕೊಂಡಾಗಲೂ ಮೇಲೆ ಇಬ್ಬರು ಹುಡುಗರಿದ್ದರು. ಬಾವಿ, ಮೋಟರು, ಹುಡುಗರು, ಎಲ್ಲ ಸೇರಿಸಿಯೇ ಕೊಂಡ ಲೆಕ್ಕ. ಅವರು ಹೋಗುವಾಗ ಜೂನಿಯರ್‌ಗಳನ್ನು ಕರೆತಂದು, "ಅಂಕಲ್, ಒಳ್ಳೇ ಹುಡುಗರು, ನಮ್ಮ ಹಾಗಲ್ಲ" ಅಂತ ಪರಿಚಯ ಮಾಡಿಸಿದರು. ಅವರು ಹೋಗುವಾಗ ಇನ್ನಿಬ್ಬರನ್ನ. 'ಬಾಡಿಗೆಗೆ ಇದೆ' ಬೋರ್ಡು ಹಾಕುವ ಪ್ರಸಂಗವೇ ಬರಲಿಲ್ಲ. ಇಷ್ಟು ವರ್ಷ ಹುಡುಗರನ್ನ ಆರಿಸುತ್ತಿರೋದು ನಾನು ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ನನಗೂ ಮೊದಲಿನಿಂದ ಇದ್ದ ಒಂದು ಸರಪಳಿಯೊಳಗೆ ನಾನು ಬಾಡಿಗೆ ವಸೂಲಿ ಮಾಡುವವನಾಗಿ ಬಂದು ಸೇರಿದ್ದು ಅಷ್ಟೇ.

ಓನರ್‌ಗೂ ಹುಡುಗರಿಗೂ ಜಗಳ, 800 ವರ್ಷದಿಂದ

ಆ ಮಾತು ತಲೆಯಲ್ಲಿ ಕೊರೆಯಲು ಶುರುವಾದ ಮೇಲೆ ಬೇರೆ ಕಾಲೇಜು ಊರುಗಳಲ್ಲಿ ಹೇಗೆ ಅಂತ ಸುಮ್ನೆ ಓದತೊಡಗಿದೆ. ಹೋಗಿ ನಿಂತಿದ್ದು ಆಕ್ಸ್‌ಫರ್ಡಿನಲ್ಲಿ. ಜಗಳದ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ.

1209ರಲ್ಲಿ ಅಲ್ಲಿ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ಅವನು ಓಡಿಹೋದ. ಊರಿನವರಿಗೆ ಸಿಕ್ಕಿದ್ದು ಅವನ ಜೊತೆ ಅದೇ ಮನೆ ಬಾಡಿಗೆಗೆ ಹಿಡಿದಿದ್ದ ಗೆಳೆಯರು. ಅವರನ್ನೇ ಗಲ್ಲಿಗೇರಿಸಿದರು. ರೂಮ್‌ಮೇಟ್ ಆಗಿದ್ದೇ ತಪ್ಪು! ಉಳಿದ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಹೆದರಿ, ಸಿಟ್ಟಾಗಿ ಊರು ಬಿಟ್ಟರು. ಅವರಲ್ಲಿ ಒಂದು ಗುಂಪು ಹೋಗಿ ನೆಲೆಸಿದ್ದು ಕೇಂಬ್ರಿಡ್ಜಿನಲ್ಲಿ. ಅಲ್ಲಿನ ವಿಶ್ವವಿದ್ಯಾಲಯ ಹುಟ್ಟಿದ್ದು ಹಾಗೆ. ಆ ಕಾಲದಲ್ಲಿ ಇದು ಸುಲಭವೂ ಆಗಿತ್ತು. ದೊಡ್ಡ ಕಟ್ಟಡ ಇಲ್ಲ, ಲ್ಯಾಬ್ ಇಲ್ಲ, ಜನ ಎದ್ದು ನಡೆದರೆ ಕಾಲೇಜೇ ಎದ್ದು ನಡೆದ ಹಾಗೆ. ಇಟಲಿಯ ಬೊಲೋನ್ಯದಿಂದ ಹೀಗೆಯೇ ಎದ್ದು ಬಂದವರಿಂದ 1222ರಲ್ಲಿ ಪಾಡುವಾ ವಿಶ್ವವಿದ್ಯಾಲಯ ಶುರುವಾಯಿತು. ಊರಿನವರ ಹತ್ತಿರ ಬಾಡಿಗೆಮನೆ ಇತ್ತು, ಹುಡುಗರ ಹತ್ತಿರ 'ಹೋಗ್ತೀವಿ' ಅನ್ನೋ ಬೆದರಿಕೆ ಇತ್ತು.

ಆ ಬೆದರಿಕೆ ಎಷ್ಟು ಕೆಲಸ ಮಾಡಿತು ಅಂದರೆ, 1214ರಲ್ಲಿ ಪೋಪನ ಪ್ರತಿನಿಧಿ ಬಂದು ಆಕ್ಸ್‌ಫರ್ಡಿನ ರಾಜಿ ಪಂಚಾಯ್ತಿ ಮಾಡಿದಾಗ ಹಾಕಿದ ಶರತ್ತುಗಳಲ್ಲಿ ಒಂದು: ವಿದ್ಯಾರ್ಥಿಗಳ ವಸತಿಗಳಿಗೆ ಹತ್ತು ವರ್ಷ ಅರ್ಧ ಬಾಡಿಗೆ ಮಾತ್ರ. ಇದನ್ನು ಹೆಂಡತಿಗೆ ಓದಿ ಹೇಳಿದೆ. "ಮೇಲಿನವರಿಗೆ ಕೇಳಿಸೋ ಹಾಗೆ ಓದಬೇಡಿ" ಅಂದಳು.

ರಾಜಿ ಆದಮೇಲೂ ಜಗಳ ನಿಲ್ಲಲಿಲ್ಲ. 1355ರ ಫೆಬ್ರವರಿ 10ರಂದು ಒಂದು ಹೆಂಡದಂಗಡಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಕೊಟ್ಟ ವೈನ್ ಸರಿಯಿಲ್ಲ ಅಂತ ತಕರಾರು ತೆಗೆದರು. ಮಾತಿಗೆ ಮಾತು ಬೆಳೆದು ವೈನನ್ನು ಅಂಗಡಿಯವನ ಮೇಲೇ ಎರಚಿದರು. ಇಷ್ಟಕ್ಕೆ ಶುರುವಾದ ಹೊಡೆದಾಟ ಮೂರು ದಿನ ನಡೆಯಿತು. ಸುತ್ತಲಿನ ಹಳ್ಳಿಯವರೂ ಬಂದು ಸೇರಿಕೊಂಡರು. ವಿಶ್ವವಿದ್ಯಾಲಯದ ಕಡೆ 63 ಜನ, ಊರಿನ ಕಡೆ ಸುಮಾರು 30 ಜನ ಸತ್ತರು ಅಂತ ಲೆಕ್ಕ ಹೇಳುತ್ತಾರೆ. ರಾಜ ನಿಂತಿದ್ದು ವಿಶ್ವವಿದ್ಯಾಲಯದ ಪರ. ಪ್ರತಿ ವರ್ಷ ಅದೇ ದಿನ ಊರಿನ ಮೇಯರ್ ತನ್ನ ಜನರ ಜೊತೆ ಚರ್ಚಿಗೆ ಹೋಗಿ, ಸತ್ತ ಪ್ರತಿಯೊಬ್ಬ ವಿದ್ಯಾರ್ಥಿಗೆ ಒಂದರಂತೆ 63 ಪೆನ್ನಿ ದಂಡ ಕಟ್ಟಬೇಕು. ಇದು ನಿಂತಿದ್ದು 1825ರಲ್ಲಿ, ಅಂದರೆ 470 ವರ್ಷ ಆದಮೇಲೆ. ಹೊಡೆದಾಟದ 600ನೇ ವರ್ಷಕ್ಕೆ, 1955ರಲ್ಲಿ, ಮೇಯರಿಗೆ ಗೌರವ ಪದವಿ ಕೊಟ್ಟು, ವೈಸ್ ಚಾನ್ಸಲರನ್ನು ಊರಿನ ಗೌರವ ಸದಸ್ಯನನ್ನಾಗಿ ಮಾಡಿ ಕೈ ಕುಲುಕಿಸಿದರು.

ನನಗೆ ಇದರಲ್ಲಿ ಸೋಜಿಗ ಅನ್ನಿಸಿದ್ದು ಜಗಳ ಅಲ್ಲ, ಜಗಳ ಬಾಳಿದ ರೀತಿ. ಊರಿನ ಕಡೆ ಅಪ್ಪ, ಮಗ, ಮೊಮ್ಮಗ ಅಂತ ಒಂದೇ ಮನೆತನದಲ್ಲಿ ಸಿಟ್ಟು ಉಳಿದುಕೊಂಡು ಬರೋದು ಗೊತ್ತಾಗುತ್ತೆ. ಆದರೆ ಎದುರು ಕಡೆಯವರು ನಾಲ್ಕೈದು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುತ್ತಿದ್ದರಲ್ಲ? ವೈನ್ ಎರಚಿದವರು ಯಾರು ಅಂತಲೂ ಗೊತ್ತಿಲ್ಲದ ಹುಡುಗರು ಆ ಸಿಟ್ಟನ್ನು ಅಷ್ಟೇ ಜೋಪಾನವಾಗಿ ಕೈಯಿಂದ ಕೈಗೆ ದಾಟಿಸಿದರು. ನಮ್ಮ ಮೇಲಿನ ಕಿಟಕಿ ಒದೆಯೋ ವಿದ್ಯೆ ಇದ್ದ ಹಾಗೆ.

ಸ್ವೀಡನ್ನಿನ ಉಪ್ಸಾಲಾದಲ್ಲಿ ಇದರ ಇನ್ನೊಂದು ರೂಪ ಇದೆ. ಅಲ್ಲಿನ ವಿಶ್ವವಿದ್ಯಾಲಯ 1477ರದ್ದು. ಫ್ಲೊಗ್ಸ್ಟಾ ಅನ್ನೋ ಬಡಾವಣೆಯಲ್ಲಿ ವಿದ್ಯಾರ್ಥಿಗಳ ಎತ್ತರದ ಕಟ್ಟಡಗಳಿವೆ. ರಾತ್ರಿ ಸರಿಯಾಗಿ ಹತ್ತು ಗಂಟೆಗೆ ಕಿಟಕಿ, ಬಾಲ್ಕನಿಗಳಿಗೆ ಬಂದು ಹುಡುಗರು ಕಿರುಚುತ್ತಾರೆ. ಒಬ್ಬ ಶುರು ಮಾಡಿದರೆ ಎದುರಿನ ಕಟ್ಟಡದಿಂದ ಉತ್ತರ ಬರುತ್ತೆ. 1970ರ ದಶಕದಿಂದ ಇದು ನಡೆದುಕೊಂಡು ಬಂದಿದೆ. ಯಾಕೆ ಶುರುವಾಯಿತು ಅನ್ನೋದಕ್ಕೆ ಒಬ್ಬೊಬ್ಬರದ್ದು ಒಂದೊಂದು ಕಥೆ. ಮೊದಲು ಕಿರುಚಿದವರಿಗೆ ಈಗ ಮೊಮ್ಮಕ್ಕಳಿರಬೇಕು. ಕಿರುಚಾಟ ಮಾತ್ರ ಅಲ್ಲೇ ಇದೆ.

ಇನ್ನು ಗಲಾಟೆ ತಡೆಯೋದು ಹೇಗೆ ಅನ್ನೋದಕ್ಕೆ ಜರ್ಮನಿಯ ಹೈಡೆಲ್‌ಬರ್ಗಿನವರು ವಿಶ್ವವಿದ್ಯಾಲಯದ್ದೇ ಒಂದು ಜೈಲು ಮಾಡಿದ್ದರು. 1778ರಿಂದ 1914ರವರೆಗೆ ಅದು ಬಳಕೆಯಲ್ಲಿತ್ತು. ಕುಡಿದು ಕೂಗಾಡಿದರೆ, ರಾತ್ರಿ ಬೀದಿಯವರ ನಿದ್ದೆ ಕೆಡಿಸಿದರೆ ಅಲ್ಲಿ ಹಾಕುತ್ತಿದ್ದರು. ಪಾಠಕ್ಕೆ ಮಾತ್ರ ಬಿಡುತ್ತಿದ್ದರು. ಕೊನೆಗೆ ಏನಾಯ್ತು ಅಂದರೆ, ಒಂದು ಸಲವಾದರೂ ಆ ಜೈಲಿಗೆ ಹೋಗಿ ಬರೋದು ದೊಡ್ಡಸ್ತಿಕೆಯ ವಿಷಯ ಆಯ್ತು. ಒಳಗೆ ಗೋಡೆ, ಚಾವಣಿ ಬಿಡದೆ ಹೆಸರು, ಚಿತ್ರ ಬರೆದಿಟ್ಟಿದ್ದಾರೆ. ಈಗ ಜನ ಟಿಕೆಟ್ ತಗೊಂಡು ಅದನ್ನ ನೋಡೋಕೆ ಹೋಗುತ್ತಾರೆ. ನಮ್ಮ ಟೇಬಲ್ಲಿನ ಅಡಿಭಾಗವೇ, ಸ್ವಲ್ಪ ದೊಡ್ಡ ಅಳತೆಯಲ್ಲಿ.

ಐದೂವರೆ ಗಂಟೆಯ ಅಲಾರಾಂ

2020ರ ಮಾರ್ಚಿನಲ್ಲಿ ಎಲ್ಲ ಕಡೆಯ ಹಾಗೆ ಇಲ್ಲೂ ಎರಡೇ ದಿನದಲ್ಲಿ ಊರು ಖಾಲಿಯಾಯ್ತು. ಆಗ ಮೇಲಿದ್ದವರು ಇಬ್ಬರೂ ಎರಡನೇ ವರ್ಷದವರು. "ಹದಿನೈದು ದಿನ ಅಷ್ಟೇ ಅಂಕಲ್" ಅಂತ ಒಂದೊಂದು ಬ್ಯಾಗು ಹಿಡಿದು ಹೋದರು. ಬೀಗ ಹಾಕಿದ್ದು ಕೂಡ ಹದಿನೈದು ದಿನಕ್ಕೆ ಹಾಕುವ ಹಾಗೆ, ಅವಸರದಲ್ಲಿ.

ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಮೇಲಿನಿಂದ ಅಲಾರಾಂ ಹೊಡೆಯಿತು. ಇಬ್ಬರಲ್ಲಿ ಒಬ್ಬನಿಗೆ ಕುಂಭಕರ್ಣನ ನಿದ್ದೆ. ಮೊಬೈಲಿನ ಅಲಾರಾಂಗೆ ಅವನು ಏಳೋದಿಲ್ಲ ಅಂತ ಅವರಮ್ಮ ಹಳೇ ಕಾಲದ ಎರಡು ಗಂಟೆಯ ಟೇಬಲ್ ಗಡಿಯಾರ ಕೊಟ್ಟು ಕಳಿಸಿದ್ದರು. ಬ್ಯಾಟರಿಯದ್ದು, ಆದರೆ ಶಬ್ದ ಫೈರ್ ಇಂಜಿನ್ನಿನದ್ದು. ಎರಡು ವರ್ಷ ಅದರ ಬಗ್ಗೆ ನಾನು ಗೊಣಗಿದ್ದೇನೆ. ಅದಕ್ಕೆ ಅವನು ಏಳುತ್ತಿರಲಿಲ್ಲ, ನಾನು ಏಳುತ್ತಿದ್ದೆ. ಈಗ ಖಾಲಿ ರೂಮಲ್ಲಿ ಯಾರನ್ನೂ ಎಬ್ಬಿಸದೆ ಅದು ಒಂದು ನಿಮಿಷ ಹೊಡೆದುಕೊಂಡು ಸುಮ್ಮನಾಯಿತು. ಮಾರನೇ ದಿನ ಮತ್ತೆ.

ನನ್ನ ಹತ್ತಿರ ಕೀ ಇತ್ತು. ಒಂದು ವಾರ ತಡೆದು, ಆರಿಸೋಣ ಅಂತ ಮೇಲೆ ಹೋದೆ. ರೂಮು ಯಾರೋ ಈಗ ತಾನೇ ಆಚೆ ಎದ್ದು ಹೋದ ಹಾಗಿತ್ತು. ಮೊಳೆಯ ಮೇಲಿನ ಟವೆಲ್ಲು ತಗುಲಿಹಾಕಿದ ಮಡಿಕೆಯಲ್ಲೇ ಒಣಗಿ ಗಟ್ಟಿಯಾಗಿತ್ತು. ತೆರೆದಿಟ್ಟ ನೋಟ್‌ಬುಕ್ಕಿನ ಮೇಲೆ ಮುಚ್ಚಳ ಹಾಕದ ಪೆನ್ನು. ಅರ್ಧ ಬಿಡಿಸಿದ ಲೆಕ್ಕ, ಬರಾಬರ್ ಚಿಹ್ನೆಗೆ ಬಂದು ನಿಂತಿತ್ತು. ಗೋಡೆಯ ಮೇಲೆ ಪೆನ್ಸಿಲ್ಲಲ್ಲಿ ಗೀಟುಗಳು, ಪರೀಕ್ಷೆಗೆ ಎಷ್ಟು ದಿನ ಉಳಿದಿದೆ ಅನ್ನೋ ಲೆಕ್ಕ. ಗೋಡೆ ಮೇಲೆ ಬರೆಯಬಾರದು ಅಂತ ನಾನು ಮೊದಲ ದಿನವೇ ಹೇಳಿರುತ್ತೇನೆ, ಎಲ್ಲ ಬ್ಯಾಚಿಗೂ. ಗಡಿಯಾರ ಕೈಗೆ ತಗೊಂಡೆ. ಹಿಂದಿನ ಗುಂಡಿ ಒತ್ತಿದರೆ ಮುಗೀತು. ಒತ್ತಲಿಲ್ಲ. ಇದ್ದ ಜಾಗದಲ್ಲೇ ಇಟ್ಟು, ಪೆನ್ನಿಗೆ ಮುಚ್ಚಳ ಹಾಕಿ ಬಂದೆ.

ರಜೆಯಲ್ಲಿ ಊರು ಖಾಲಿಯಾಗೋದು ನಮಗೆ ಹೊಸದಲ್ಲ. ರಜೆ ಅಂದರೆ ನಮಗೆ ಖುಷಿಯೇ. ರಸ್ತೆ ನಮ್ಮದು, ನೀರು ನಮ್ಮದು, ನಿದ್ದೆಯೂ ನಮ್ಮದು. 'ಅಬ್ಬಾ, ಊರು ಈಗ ಊರಿನ ಹಾಗಿದೆ' ಅಂತ ಬೀದಿಯವರೆಲ್ಲ ಹೇಳಿಕೊಳ್ಳುತ್ತೇವೆ. ಆದರೆ ಆ ಖುಷಿಗೆ ಒಂದು ಗುಟ್ಟಿತ್ತು: ಅವರು ವಾಪಸ್ ಬರೋ ತಾರೀಖು ನಮಗೆ ಗೊತ್ತಿರುತ್ತಿತ್ತು. 2020ರಲ್ಲಿ ತಾರೀಖು ಇರಲಿಲ್ಲ. ಬಾಡಿಗೆ ಬರಲಿಲ್ಲ, ಅದು ಒಂದು ಕಡೆ. ಕೇಳಲೂ ಮನಸ್ಸಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ, ಎರಡು ತಿಂಗಳು ಕೇಳಿದೆ, ಆಮೇಲೆ ಬಿಟ್ಟೆ. ಏಪ್ರಿಲ್ ಕಳೆದ ಹಾಗೆ ಬೀದಿಯಲ್ಲಿ ಮಾತಾಡಲು ವಿಷಯವೇ ಇಲ್ಲದಂತಾಯ್ತು. ನಮ್ಮ ಹರಟೆಯಲ್ಲಿ ಅರ್ಧ ಈ ಹುಡುಗರ ಮೇಲಿನ ದೂರೇ ಆಗಿತ್ತು ಅಂತ ಆಗ ಅರ್ಥವಾಯಿತು.

ಅದೇ ಏಪ್ರಿಲ್ 1ರಂದು ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ ಇತ್ತು. ಅಲ್ಲಿ ವಿದ್ಯಾರ್ಥಿಗಳನ್ನು ಅಪ್ಪ ಅಮ್ಮನ ಮನೆಯಲ್ಲಿ ಎಣಿಸೋದಿಲ್ಲ, ಓದುವ ಊರಲ್ಲಿ ಎಣಿಸುತ್ತಾರೆ. ಆ ವರ್ಷ ಅವರೆಲ್ಲ ಮನೆಗೆ ಹೋಗಿ ಕೂತಿದ್ದರು. ಆದರೂ ಅವರನ್ನು ಕಾಲೇಜು ಊರಿನ ಲೆಕ್ಕಕ್ಕೇ ಸೇರಿಸಿ ಅಂತ ಗಣತಿ ಇಲಾಖೆ ಹೇಳಿತು. ಊರಿಗೆ ಬರೋ ಹಣ, ರಸ್ತೆ, ಆಸ್ಪತ್ರೆ ಎಲ್ಲ ಆ ತಲೆ ಲೆಕ್ಕದ ಮೇಲೆ ನಿಂತಿದೆಯಲ್ಲ. ಊರಲ್ಲಿ ಇಲ್ಲದ ಜನ ಊರಿನವರು ಅಂತ ಕಾಗದದ ಮೇಲೆ ಬರೆದುಕೊಂಡರು. ಇದನ್ನು ಆಗ ಓದಿದ್ದರೆ ನಕ್ಕುಬಿಡುತ್ತಿದ್ದೆನೋ ಏನೋ. ಈಗ ನಗು ಬರಲಿಲ್ಲ. ನನ್ನ ನೆತ್ತಿಯ ಮೇಲೆ ಇಲ್ಲದ ಹುಡುಗನ ಅಲಾರಾಂ ಅವತ್ತು ಹೊಡೆಯುತ್ತಲೇ ಇತ್ತಲ್ಲ.

ಜೂನ್ ಹೊತ್ತಿಗೆ ಅದರ ದನಿ ಬಿದ್ದುಹೋಯಿತು. ಬ್ಯಾಟರಿ ಇಳಿದು ಮೊದಲು ಗಂಟಲು ಕಟ್ಟಿದವರ ಹಾಗೆ, ಆಮೇಲೆ ಸುಮ್ನೆ ಕಟಕಟ ಅಂತ. ಒಂದು ದಿನ ಐದೂವರೆಗೆ ನಾನು ಎಚ್ಚರಾಗಿ ಮಲಗಿದ್ದೆ, ಏನೂ ಕೇಳಿಸಲಿಲ್ಲ. ಪಕ್ಕದಲ್ಲಿ ಹೆಂಡತಿ, "ನಿಂತುಹೋಯ್ತಲ್ರೀ" ಅಂದಳು. ಅವಳೂ ಕಾಯುತ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ.

ಬೀದಿ ಖಾಲಿ ಮಾಡಿದವರು

ಆದರೆ ಹುಡುಗರನ್ನು ಅಷ್ಟು ಮುದ್ದು ಮಾಡಿ ಬರೆದರೆ ಅರ್ಧ ಮಾತು ಬಿಟ್ಟ ಹಾಗಾಗುತ್ತೆ. ನಾವು ಬಂದಾಗ ನಮ್ಮ ಬೀದಿಯ ಹನ್ನೊಂದು ಮನೆಗಳಲ್ಲಿ ಒಂಬತ್ತರಲ್ಲಿ ಸಂಸಾರಗಳಿದ್ದವು. ಈಗ ನಾಲ್ಕು. ಒಂದು ಸಂಸಾರಕ್ಕೆ ಕೊಡೋ ಮನೆಯನ್ನು ಕೋಣೆ ಲೆಕ್ಕದಲ್ಲಿ, ಹಾಸಿಗೆ ಲೆಕ್ಕದಲ್ಲಿ ಹುಡುಗರಿಗೆ ಕೊಟ್ಟರೆ ಎರಡು ಪಟ್ಟು ಬಾಡಿಗೆ ಬರುತ್ತೆ ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ಸಣ್ಣ ಮಕ್ಕಳಿರುವವರು ಮೊದಲು ಹೋದರು. ಮಕ್ಕಳು ಹೋದಮೇಲೆ ಸಂಜೆ ಬೀದಿಯಲ್ಲಿ ಆಟ ನಿಂತಿತು. ಎದುರು ಮನೆಯವರಿಗೆ ರಾತ್ರಿ ಎದೆನೋವು ಬಂದಾಗ ಅವರ ಹೆಂಡತಿ ಅಕ್ಕಪಕ್ಕದ ಮೂರು ಬಾಗಿಲು ಬಡಿದರಂತೆ. ಮೂರರಲ್ಲೂ ಹುಡುಗರು. ಮೂರೂ ಕಡೆಯಿಂದ ಓಡಿಬಂದರು, ಒಬ್ಬ ಬೈಕಲ್ಲಿ ಮುಂದೆ ಹೋಗಿ ಆಟೋ ಹಿಡಿದು ತಂದ. ಒಳ್ಳೆಯದೇ ಆಯ್ತು. ಆದರೆ ಆ ಅಮ್ಮ ಆಮೇಲೆ ನನ್ನ ಹತ್ತಿರ ಹೇಳಿದ್ದು ಬೇರೆ: "ಯಾರನ್ನೂ ಹೆಸರು ಹಿಡಿದು ಕರೆಯೋಕೆ ಆಗಲಿಲ್ಲ ನೋಡಿ, ಒಬ್ಬರ ಹೆಸರೂ ಗೊತ್ತಿಲ್ಲ ನನಗೆ." ಮುಂದಿನ ವರ್ಷ ಅವರೂ ಮನೆ ಬಿಟ್ಟು ಮಗನ ಊರಿಗೆ ಹೋದರು. ಆ ಮನೆಯಲ್ಲೀಗ ಹದಿನಾಲ್ಕು ಹಾಸಿಗೆ.

ಇಂಗ್ಲೆಂಡಿನ ಭೂಗೋಳದ ಪ್ರಾಧ್ಯಾಪಕರು ಇದಕ್ಕೆ 'ಸ್ಟೂಡೆಂಟಿಫಿಕೇಶನ್' ಅಂತ ಹೆಸರಿಟ್ಟಿದ್ದಾರೆ. ಲೀಡ್ಸಿನ ಹೆಡಿಂಗ್ಲಿ ಬಡಾವಣೆಯ ಕಥೆ ಓದಿದರೆ ನಮ್ಮ ಬೀದಿಯದ್ದೇ ಅನ್ನಿಸುತ್ತೆ. ಸಂಸಾರಗಳು ಖಾಲಿ, ರಜೆಯಲ್ಲಿ ಬಡಾವಣೆಯೇ ಖಾಲಿ. ಅಲ್ಲಿ ಇನ್ನೊಂದು ತಕರಾರೂ ಇದೆ. ಮನೆ ತುಂಬ ವಿದ್ಯಾರ್ಥಿಗಳೇ ಇದ್ದರೆ ಆ ಮನೆಗೆ ಕೌನ್ಸಿಲ್ ತೆರಿಗೆ ಇಲ್ಲ. ಕಸ ಜಾಸ್ತಿ, ತೆರಿಗೆ ಸೊನ್ನೆ ಅಂತ ಪಕ್ಕದ ಮನೆಯವರ ಹೊಟ್ಟೆಯುರಿ. ದೂರೆಲ್ಲ ಹುಡುಗರ ಮೇಲೆ ಹೋಗುತ್ತೆ, ಅದೇ ನನಗೆ ಸರಿ ಕಾಣದ್ದು. ಮನೆ ಕೋಣೆಗಳಾಗಿ ಒಡೆದಿದ್ದು ಹುಡುಗರಲ್ಲ. ಅದು ನಾವು, ಮೇಲೊಂದು ರೂಮು ಇಟ್ಟುಕೊಂಡು ಬಾಡಿಗೆ ಎಣಿಸುವವರು. ಇದನ್ನು ಬೀದಿಯ ಸಭೆಯಲ್ಲಿ ಒಮ್ಮೆ ಹೇಳಿದೆ. ಎರಡು ವಾರ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೇಳಿದ ನಾನೇನು ರೂಮಿಗೆ ಬೀಗ ಹಾಕಿ ಸಂಸಾರಕ್ಕೆ ಕೊಟ್ಟೆನಾ? ಇಲ್ಲ.

ಮಗ ಈಗ ಬೇರೆ ಊರಲ್ಲಿ ಓದುತ್ತಾನೆ, ಯಾರದ್ದೋ ಮೇಲಿನ ರೂಮಲ್ಲಿ. ಹೋದ ತಿಂಗಳು ರಜೆ ಮುಗಿಸಿ ಹೋದವನು ಫೋನ್ ಮಾಡಿ, "ಅಪ್ಪಾ, ನಮ್ಮೂರಿಗೆ ಬಂದು ಸೇರಿದೆ" ಅಂದ. ಒಂದು ಕ್ಷಣ ಗೊಂದಲ ಆಯ್ತು. ಹುಟ್ಟಿದಾಗಿನಿಂದ ಇದ್ದ ಊರು ಎರಡೇ ವರ್ಷಕ್ಕೆ 'ಮನೆ' ಆಗಿ, ಆ ಊರು 'ನಮ್ಮೂರು' ಆಗಿಬಿಟ್ಟಿದೆ. ಅವನ ಓನರ್‌ಗೆ ಇದು ಗೊತ್ತೋ ಇಲ್ಲವೋ.

ಮತ್ತೆ ಮೀಟರ್ ಬಾಕ್ಸಿಗೆ

ರೂಮಿಗೆ ಬರುವ ಎಲ್ಲ ಹುಡುಗರಿಗೂ ನನ್ನದು ಮೂರು ಮಾತು: ಗೋಡೆ ಮೇಲೆ ಬರೆಯಬೇಡಿ, ಹನ್ನೊಂದರ ಮೇಲೆ ಸದ್ದು ಬೇಡ, ಡೂಪ್ಲಿಕೇಟ್ ಕೀ ಮಾಡಿಸಬೇಡಿ. ಬೀಗಕ್ಕೆ ಮೂರು ಕೀ. ಇಬ್ಬರಿಗೆ ಎರಡು, ನನ್ನ ಹತ್ತಿರ ಒಂದು. 2006ರಲ್ಲಿ ಬಂದ ಹೊಸದರಲ್ಲೇ ಹಳೇ ಬೀಗ ಕಿತ್ತು ಹೊಸದು ಹಾಕಿಸಿದ್ದೆ, ಯಾರ್ಯಾರ ಹತ್ತಿರ ಎಷ್ಟು ಕೀ ಇದೆಯೋ ಅಂತ. ಆ ತುಕ್ಕು ಹಿಡಿದ ಕೀ ಆ ಹಳೇ ಬೀಗದ್ದು. ಈಗ ಅದು ಯಾವ ಬಾಗಿಲನ್ನೂ ತೆಗೆಯೋದಿಲ್ಲ.

ಹೋದ ವಾರ ಕರೆಂಟ್ ಬಿಲ್ಲು ಜಾಸ್ತಿ ಬಂತು ಅಂತ ರೀಡಿಂಗ್ ನೋಡಲು ಹೋದೆ. ಹುಡುಗರಿಬ್ಬರೂ ಕಾಲೇಜಿಗೆ ಹೋಗಿದ್ದರು. ಆ ಭಾನುವಾರ ರೇಲಿಂಗಿನಿಂದ ಥಟ್ಟನೆ ಒಳಗೆ ಹೋದವನ ನೆನಪಾಯ್ತು. ಸುತ್ತ ಒಂದು ಸಲ ನೋಡಿದೆ, ನನ್ನದೇ ಮನೆಯಲ್ಲಿ ಕಳ್ಳನ ಹಾಗೆ. ಆಮೇಲೆ ಸಂದಿಯೊಳಗೆ ಎರಡು ಬೆರಳು ತೂರಿಸಿದೆ.

ಎರಡು ಕೀ ಇದ್ದವು. ಒಂದು ಆ ತುಕ್ಕಿನದ್ದು. ಇನ್ನೊಂದು ಹಳದಿ ಬಣ್ಣದ್ದು, ಹೊಳೆಯುತ್ತಿತ್ತು. ಅದಕ್ಕೆ ಕೆಂಪು ದಾರ ಕಟ್ಟಿದ್ದರು, ಬೆರಳಿಗೆ ಸಿಕ್ಕಲು ಸುಲಭವಾಗಲಿ ಅಂತ. ನಮ್ಮ ಈಗಿನ ಬೀಗದ್ದೇ. ಜೇಬಿನಲ್ಲಿದ್ದ ನನ್ನ ಕೀ ತೆಗೆದು ಪಕ್ಕದಲ್ಲಿ ಹಿಡಿದು ನೋಡಿದೆ, ಹಲ್ಲಿಗೆ ಹಲ್ಲು ಸರಿಹೋಯಿತು.

ಗೇಟು ಸದ್ದಾಯಿತು. ಎರಡನ್ನೂ ಇದ್ದ ಹಾಗೇ ಒಳಗೆ ತಳ್ಳಿ, ದಾರದ ತುದಿ ಸ್ವಲ್ಪ ಆಚೆ ಕಾಣುವ ಹಾಗೆ ಬಿಟ್ಟು, ಮೀಟರಿನ ನಂಬರ್ ಓದುತ್ತಾ ನಿಂತೆ.